ಜಿಎಸ್‌ಟಿ ಹೋಯ್ತು, ಕಂತು ಯಾಕೆ ಇಳಿಯಲಿಲ್ಲ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಅಡಿಕೆ ತೋಟ ನಮ್ಮದು. ಯಜಮಾನರಿಗೆ 56, ಶುಗರ್ ಇದೆ. ಮಗ ನಮ್ಮಿಬ್ಬರಿಗೂ ಹೆಲ್ತ್ ಪಾಲಿಸಿ ಮಾಡಿಸಿ ಎರಡು ವರ್ಷ ಆಯ್ತು. ಜಿಎಸ್‌ಟಿ ತೆಗೆದರು ಅಂತ ಖುಷಿಯಲ್ಲಿದ್ದೆವು. ನೋಡಿದರೆ ಹೋದ ವರ್ಷ 33,040 ಇದ್ದದ್ದು ಈ ಸಲ 33,600 ಆಗಿದೆ! ಅದನ್ನು ಬಿಟ್ಟು 500 ರೂಪಾಯಿಯ ಯಶಸ್ವಿನಿ (ಸಹಕಾರಿ ಸಂಘದ ಸದಸ್ಯರಿಗೆ ಸರ್ಕಾರದ ಆರೋಗ್ಯ ಯೋಜನೆ) ಮಾಡಿಸಿ ಅಂತಾರೆ ಸೊಸೈಟಿಯಲ್ಲಿ. ಬಿಪಿಎಲ್ ಕಾರ್ಡೂ ಇದೆ. ಏನು ಮಾಡೋಣ?

ಉತ್ತರ: ಪಾಲಿಸಿ ಬಿಡಬೇಡಿ.

ರಿನ್ಯೂವಲ್ ನೋಟೀಸಿನಲ್ಲಿ ಒಟ್ಟು ಮೊತ್ತದ ಮೇಲಿನ ಎರಡು ಸಾಲು ನೋಡಿ. ಹೋದ ವರ್ಷ ಮೂಲ ಕಂತು 28,000, ಶೇ 18ರ ತೆರಿಗೆ 5,040. ಈ ಸಲ ತೆರಿಗೆ ಸೊನ್ನೆ, ಮೂಲ ಕಂತೇ 33,600. 2025ರ ಸೆಪ್ಟೆಂಬರ್ 22ರಿಂದ ಸರ್ಕಾರ ಬಿಟ್ಟುಕೊಟ್ಟ ದುಡ್ಡನ್ನು ಕಂಪನಿ ಶೇ 20 ಏರಿಸಿ ನುಂಗಿ ಹಾಕಿದೆ. ವಯಸ್ಸು, ಆಸ್ಪತ್ರೆ ಖರ್ಚು ಅಂತ ಕಾರಣ ಕೊಡುತ್ತಾರೆ. ಇನ್ನೊಂದೂ ಇದೆ: ಏಜೆಂಟ್ ಕಮಿಷನ್, ಬಾಡಿಗೆ ಇಂಥವಕ್ಕೆ ತಾವು ಕಟ್ಟಿದ ಜಿಎಸ್‌ಟಿಯನ್ನು ಕಂಪನಿಗಳು ಮೊದಲು ನಿಮ್ಮಿಂದ ಪಡೆದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಿದ್ದವು, ಈಗ ಆ ದಾರಿ ಮುಚ್ಚಿದೆ, ಆ ಭಾರವೂ ಕಂತಿನ ಮೇಲೆ ಬೀಳಬಹುದು. 60 ದಾಟಿದವರಿಗೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವ ಮುಂಚೆ ವಿಮಾ ಪ್ರಾಧಿಕಾರವನ್ನು ಕೇಳಬೇಕು ಅಂತ 2025ರ ಜನವರಿಯಲ್ಲಿ ಹೇಳಿದ್ದಾರೆ. ನಿಮ್ಮ ಯಜಮಾನರಿಗೆ ಅದಕ್ಕಿನ್ನೂ ನಾಲ್ಕು ವರ್ಷ ಬಾಕಿ.

ಯಶಸ್ವಿನಿ ಒಳ್ಳೇದೇ. ಹಳ್ಳಿ ಕಡೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿಗೆ 5 ಲಕ್ಷದವರೆಗೆ ಚಿಕಿತ್ಸೆ ಅಂದರೆ ಸುಮ್ನೆ ಮಾತಲ್ಲ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ಅದರ ಜಾತಕವನ್ನೂ ನೋಡಿ: 2003ರಲ್ಲಿ ಶುರುವಾಯ್ತು, 2018ರಲ್ಲಿ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆಯೊಳಗೆ ಸೇರಿಸಿ ಮುಚ್ಚಿದರು, 2022ರಲ್ಲಿ ಮತ್ತೆ ತಂದರು. ಬೇಕಿದ್ದರೆ ಮಾಡಿಸಿ, ಅರ್ಜಿಯ ಷರತ್ತು ಓದಿ, ಬೇರೆ ವಿಮೆ ಇದೆಯಾ ಅಂತ ಕೇಳಿದ್ದರೆ ಮುಚ್ಚಿಡದೆ ಬರೆಯಿರಿ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಅದೇ ಕಾರ್ಡ್ ಎಪಿಎಲ್ ಆಯ್ತು ಅನ್ನಿ, ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ 30 ಮಾತ್ರ, ಅಂದರೆ ಒಂದು ಲಕ್ಷದ ಆಪರೇಷನ್‌ಗೆ 70 ಸಾವಿರ ನಿಮ್ಮ ಜೇಬಿಂದ. 2024ರ ನವೆಂಬರ್‌ನಲ್ಲಿ ಎಷ್ಟೋ ಕಾರ್ಡ್ ಹೀಗೆ ಬದಲಾಗಿ, ಗಲಾಟೆಯಾದ ಮೇಲೆ ವಾಪಸ್ ಕೊಟ್ಟರಲ್ವಾ? ಆ ಗಲಾಟೆಯ ಮಧ್ಯೆ ಆಸ್ಪತ್ರೆಯಲ್ಲಿದ್ದವರ ಪಾಡು ಏನಾಗಿರಬೇಡ.

ಶುಗರ್‌ನಂಥ ಹಳೇ ಕಾಯಿಲೆಗೆ ಕಾಯುವ ಅವಧಿ, ಅಂದರೆ ಅದಕ್ಕೆ ಕ್ಲೇಮ್ ಸಿಗದ ಮೊದಲ ವರ್ಷಗಳು, 2024ರಿಂದ ಹೆಚ್ಚೆಂದರೆ ಮೂರು ವರ್ಷ. ನಿಮಗೆ ಎರಡು ಮುಗಿದಿದೆ. ಈಗ ಬಿಟ್ಟು ನಾಳೆ ಹೊಸದು ಕೊಂಡರೆ ಮತ್ತೆ ಒಂದರಿಂದ ಎಣಿಕೆ.

ಕಂತು ಭಾರ ಅನ್ನಿಸಿದರೆ ಪಾಲಿಸಿಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ (ವರ್ಗಾಯಿಸಿ), ಮುಗಿಸಿದ ಎರಡು ವರ್ಷವೂ ಜೊತೆಗೇ ಬರುತ್ತದೆ. ಅದಕ್ಕೆ ಪಾಲಿಸಿ ಮುಗಿಯುವ 45 ದಿನ ಮೊದಲೇ ಅರ್ಜಿ ಹಾಕಬೇಕು. ಅಷ್ಟು ಸಮಯ ಉಳಿದಿಲ್ಲದಿದ್ದರೆ ಈ ವರ್ಷ ಇಲ್ಲೇ ಕಟ್ಟಿಬಿಡಿ. ಕೊನೇ ದಿನ ದಾಟಿದರೂ 30 ದಿನ ಅವಕಾಶ ಇದೆ, ಆದರೆ ವರ್ಷದ ಕಂತು ಒಟ್ಟಿಗೆ ಕಟ್ಟುವವರಿಗೆ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗುವುದಿಲ್ಲ.