ಲೈಮ್ ಇರಬಹುದೆಂದು ಮಾತ್ರೆ ನಿಲ್ಲಿಸಿದವರು

ಅನುಮತಿ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರು ಖಚಿತವಾಗಲಿ ಎಂದು ಚಿಕಿತ್ಸೆ ನಿಲ್ಲಿಸಿ ಕೂರುವವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ.

ಇವರು ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ, ನಲವತ್ತರ ಆಸುಪಾಸಿನ ಕನ್ನಡತಿ. ಎಂಟು ತಿಂಗಳಿಂದ ಎರಡೂ ಕೈಗಳ ಬೆರಳ ಬುಡದ ಗಂಟುಗಳಲ್ಲಿ, ಮಣಿಕಟ್ಟಿನಲ್ಲಿ ಊತ. ಬೆಳಿಗ್ಗೆ ಒಂದು ಗಂಟೆಗೂ ಮೀರಿ ಬಿಗಿತ. ರುಮಟಾಯ್ಡ್ ಸಂಧಿವಾತದ ಸುಳಿವು ಕೊಡುವ ರಕ್ತಪರೀಕ್ಷೆ ಆ್ಯಂಟಿ-ಸಿಸಿಪಿ ಪಾಸಿಟಿವ್. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ಈ ರುಮಟಾಯ್ಡ್ ಸಂಧಿವಾತವೆಂದು ವೈದ್ಯರು ಅದನ್ನು ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ, ಜೊತೆಗೆ ಫೋಲಿಕ್ ಆಸಿಡ್ ಬರೆದಿದ್ದರು. ಆರನೇ ವಾರಕ್ಕೆ ಇವರು ನಿಲ್ಲಿಸಿಬಿಟ್ಟರು. ಹಿತ್ತಲ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳ ಕಂಡಿತ್ತು; ಅದು ಕಚ್ಚಿದರೆ ಬರಬಹುದಾದ ಬ್ಯಾಕ್ಟೀರಿಯಾ ಸೋಂಕೇ ಲೈಮ್, ಅದರಲ್ಲೂ ಕೀಲು ಊದುತ್ತದೆ. ಬೇರೊಂದು ಕ್ಲಿನಿಕ್ಕಿನ ಲೈಮ್ ಪರೀಕ್ಷೆಯಲ್ಲಿ ಐಜಿಎಂ, ಅಂದರೆ ಸೋಂಕಿನ ಶುರುವಿನಲ್ಲಿ ಮೂಡುವ ಪ್ರತಿಕಾಯ, ಪಾಸಿಟಿವ್ ಬಂದಿತ್ತು.

ಅನುಮಾನವನ್ನು ತಳ್ಳಿಹಾಕುವಂತಿರಲಿಲ್ಲ. ಲೈಮ್ ಎಂಬ ಊರಿರುವುದೇ ಆ ರಾಜ್ಯದಲ್ಲಿ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಮಕ್ಕಳ ಮಂಡಿ ಊದಿದಾಗ ಮೊದಲು ಹೇಳಿದ್ದು ಮಕ್ಕಳ ಸಂಧಿವಾತವೆಂದೇ. ತಾಯಂದಿರು ಪಟ್ಟು ಬಿಡದ್ದರಿಂದ ಸತ್ಯ ಹೊರಬಿತ್ತು. ಇವರ ಯಜಮಾನರು ಇದನ್ನೆಲ್ಲ ಓದಿಕೊಂಡಿದ್ದರು.

ಒಂದು ಭೇಟಿಯಲ್ಲಿ, "ಯಾವ ಕಾಯಿಲೆ ಅಂತ ಬರಲಿ ಅನ್ನಿಸುತ್ತೆ ನಿಮಗೆ?" ಎಂದು ಕೇಳಿದೆ. ಎಡಗೈಯಿಂದ ಬಲಗೈ ಹೆಬ್ಬೆರಳ ಬುಡ ಒತ್ತಿಕೊಳ್ಳುತ್ತ ಅಂದರು: "ಲೈಮ್ ಅಂತಲೇ ಬರಲಿ ಮೇಡಂ. ಅದಾದ್ರೆ ಒಂದು ತಿಂಗಳು ಮಾತ್ರೆ ತಗೊಂಡ್ರೆ ಮುಗೀತು. ಇದಾದ್ರೆ ಸಾಯೋವರೆಗೂ. ನಮ್ಮ ಸೋದರತ್ತೆ ಕೈ ಸೊಟ್ಟಗಾಗಿದ್ದು ನೋಡಿದೀನಿ. ಆ ಮಾತ್ರೆ ನುಂಗಿದ್ರೆ ಒಪ್ಕೊಂಡ ಹಾಗಾಗತ್ತೆ."

ಇಷ್ಟು ದಿನ ವರದಿಗಳ ಮಾತಾಡುತ್ತಿದ್ದ ಅವರಲ್ಲಿ ಇದ್ದದ್ದು ಈ ಭಯ. ನಾನೆಂದೆ: "ಒಪ್ಪಿಕೊಳ್ಳಬೇಡಿ. ಸಿಟ್ಟು ಮಾಡಿಕೊಂಡೇ ನುಂಗಿ. ಅನುಮಾನ ಇಟ್ಟುಕೊಂಡೇ ನುಂಗಬಹುದು." ಬಹಳ ಹೊತ್ತು ಅತ್ತರು.

ಆಪ್ತಸಲಹೆಗಾರರು ಔಷಧದ ಮಾತಾಡಬಾರದು ಎಂದು ಆಕ್ಷೇಪಿಸುವವರಿದ್ದಾರೆ. ಡೋಸ್ ನಾನು ಹೇಳುವುದಿಲ್ಲ. ಆದರೆ ರುಮಟಾಯ್ಡ್ ಸಂಧಿವಾತದಲ್ಲಿ ಮೂಳೆ ಸವೆತ ಮೊದಲ ಒಂದೆರಡು ವರ್ಷದಲ್ಲೇ ಶುರುವಾಗಬಹುದು, ಸವೆದದ್ದು ಮರಳುವುದಿಲ್ಲ. ದುಃಖ ತಣಿಯಲಿ, ಆಮೇಲೆ ನೋಡೋಣ ಎಂದು ಸುಮ್ಮನಿರುವುದು ನನ್ನಿಂದಾಗದು.

ಕೊಟ್ಟ ಸಲಹೆ ಹೀಗಿತ್ತು. ಅದೇ ವಾರ ರುಮಟಾಲಜಿಸ್ಟ್‌ಗೆ (ಮದ್ದು ಬರೆದ ಕೀಲುರೋಗ ತಜ್ಞರಿಗೆ) ಫೋನ್ ಮಾಡಿ, ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳುವುದು. ತಾವಾಗಿಯೇ ಮತ್ತೆ ಶುರು ಮಾಡಬಾರದು; ರಕ್ತಕಣ, ಲಿವರ್ ಪರೀಕ್ಷೆ ಬೇಕೇ ಎಂದು ಅವರೇ ಹೇಳಲಿ. ಲೈಮ್ ವರದಿಯನ್ನೂ ಮುಂದಿಟ್ಟು ಕೇಳುವುದು: ಐಜಿಎಂ ಲೆಕ್ಕಕ್ಕೆ ಬರುವುದು ಮೊದಲ ತಿಂಗಳಲ್ಲಿ ತಾನೇ, ನನಗೆ ಎಂಟು ತಿಂಗಳಾಯಿತಲ್ಲ? ತಡವಾಗಿ ಮೂಡುವ ಪ್ರತಿಕಾಯವಾದ ಐಜಿಜಿಯ ಪರೀಕ್ಷೆಯಲ್ಲಿ ನೋಡುವ ಹತ್ತು ಪಟ್ಟಿಗಳಲ್ಲಿ (ಬ್ಯಾಂಡ್) ಐದಾದರೂ ಬಂದಿದೆಯೇ? ರುಮಟಾಯ್ಡ್ ಸಂಧಿವಾತದವರ ರಕ್ತದಲ್ಲಿ ಹಲವು ಸಲ ಕಾಣುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಇದ್ದರೆ ಐಜಿಎಂ ಸುಳ್ಳು ಪಾಸಿಟಿವ್ ತೋರಿಸಬಹುದೇ? ಲೈಮ್ ಸಾಮಾನ್ಯವಾಗಿ ಹಿಡಿಯುವುದು ಮಂಡಿಯಂಥ ಒಂದೆರಡು ದೊಡ್ಡ ಕೀಲನ್ನು. ನನ್ನದು ಎರಡೂ ಕೈಯ ಸಣ್ಣ ಗಂಟುಗಳಲ್ಲವೇ? ಲೈಮ್ ಸಂಧಿವಾತವೆಂದೇ ಆದರೂ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ತಿಂಗಳುಗಟ್ಟಲೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಏರಿಸುತ್ತೇವೆ ಎಂದವರಿಗೆ ಹೂಂ ಅನ್ನುವ ಮೊದಲು ರುಮಟಾಲಜಿಸ್ಟ್‌ರನ್ನು ಕೇಳಲೇಬೇಕು.

ವೈದ್ಯರು ಐಜಿಜಿ ನೆಗೆಟಿವ್ ಇರುವುದನ್ನು ತೋರಿಸಿ ಲೈಮ್ ಬದಿಗಿಟ್ಟರು. ಮಾತ್ರೆ ಮತ್ತೆ ಶುರುವಾಗಿದೆ. ಡಬ್ಬಿಯ ಮೇಲೆ "ಶನಿವಾರ ಮಾತ್ರ" ಎಂದು ದೊಡ್ಡದಾಗಿ ಬರೆಸಿದೆ. ವಾರದ ಮಾತ್ರೆಯನ್ನು ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ಬೇರೆ ಯಾವ ವೈದ್ಯರ ಬಳಿ ಹೋದರೂ ಮೆಥೊಟ್ರೆಕ್ಸೇಟ್ ಹೆಸರು ಮೊದಲು ಹೇಳಬೇಕು. ಟ್ರೈಮೆಥೋಪ್ರಿಮ್ ಇರುವ ಆಂಟಿಬಯಾಟಿಕ್ ಜೊತೆಗೆ ಸೇರಿದರೆ ರಕ್ತಕಣ ಅಪಾಯಕಾರಿಯಾಗಿ ಕುಸಿಯಬಹುದು. ರಾತ್ರಿಯೆಲ್ಲ ಹುಡುಕುತ್ತಿದ್ದ ಯಜಮಾನರಿಗೆ ಬೆಳಗಿನ ಬಿಗಿತ ಎಷ್ಟು ಹೊತ್ತಿತ್ತೆಂದು ಬರೆದಿಡುವ, ಚಪಾತಿ ಹಿಟ್ಟು ನಾದುವ ಕೆಲಸ ಒಪ್ಪಿಸಿದೆ.

ಮದ್ದಿನ ಗುಣ ಪೂರ್ತಿ ಗೊತ್ತಾಗಲು ಮೂರು ತಿಂಗಳವರೆಗೆ ಬೇಕು. ಅಲ್ಲಿಯವರೆಗೆ ಹೊಸ ಲೈಮ್ ಪರೀಕ್ಷೆ ಬೇಡವೆಂದು ಇಬ್ಬರೂ ಒಪ್ಪಿದ್ದಾರೆ. ಆಗಲೂ ಊತ ಇಳಿಯದಿದ್ದರೆ ಮೆಥೊಟ್ರೆಕ್ಸೇಟ್ ಜೊತೆಗೆ ಇನ್ನೊಂದು ಔಷಧ ಸೇರಿಸುವುದಾಗಿ ವೈದ್ಯರು ಹೇಳಿದ್ದಾರೆ.