ಮಾರ್ಕ್ಸು, ಎಸ್‌ಎಟಿ, ರ‍್ಯಾಂಕು: ಯಾವುದಕ್ಕೆ ಎಷ್ಟು ದುಡ್ಡು?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಟೆಕ್ಸಾಸ್‌ನ ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯಿತು, ಎಚ್‌1ಬಿ ವೀಸಾ. ಮಗಳು ಅಲ್ಲಿ ಒಂಬತ್ತು ಮುಗಿಸಿ ಇಲ್ಲಿ ಹತ್ತನೇ ಕ್ಲಾಸಿಗೆ ಸೇರಿದ್ದಾಳೆ. ಹನ್ನೆರಡರಲ್ಲಿ ಕೂರಿಸಿ ಚೆನ್ನಾಗಿ ಓದಿಸಿದರೆ ಮೆರಿಟ್ ಸ್ಕಾಲರ್‌ಶಿಪ್ ಸಿಗುತ್ತದಾ ಅಂತ.

ನಾವು ಬಂದು 22 ವರ್ಷ ಆಯಿತು. ಇಬ್ಬರು ಮಕ್ಕಳನ್ನು ಇಲ್ಲೇ ಕಾಲೇಜಿಗೆ ಕಳಿಸಿದ್ದೇವೆ. ಮೊದಲನೆಯವನ ಕಾಲಕ್ಕೆ ನಾನೂ ಹೀಗೇ ಹನ್ನೆರಡನೇ ಕ್ಲಾಸಿಗೆ ಕಾಯ್ತಾ ಕೂತಿದ್ದೆ. ನೋಡಿ, ಇಲ್ಲಿ ಕಾಲೇಜಿಗೆ ಅರ್ಜಿ ಹೋಗುವುದು ಹನ್ನೆರಡು ಶುರುವಾದ ಎರಡು ಮೂರು ತಿಂಗಳಲ್ಲಿ. ಅಂದರೆ ಅವರು ನೋಡುವುದು ಒಂಬತ್ತು, ಹತ್ತು, ಹನ್ನೊಂದರ ಮಾರ್ಕ್ಸ್. ನಮ್ಮ ಪಿಯುಸಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಿಇಟಿಯಲ್ಲಾದರೆ ಎಂಜಿನಿಯರಿಂಗಿಗೆ ಪಿಯುಸಿ ಅರ್ಧ, ಸಿಇಟಿ ಅರ್ಧ, ಒಂದೇ ರ‍್ಯಾಂಕು, ಎಲ್ಲರಿಗೂ ಒಂದೇ ಪಟ್ಟಿ. ಇಲ್ಲಿ ಒಂದೊಂದು ಕಾಲೇಜಿಗೂ ಒಂದೊಂದು ತಕ್ಕಡಿ.

ಮೊದಲು ಮಾರ್ಕ್ಸ್ ವಿಷಯ. ನನ್ನ ಮಗ ಒಂಬತ್ತರಲ್ಲಿದ್ದಾಗ ಒಂದು ದಿನ ಸ್ಕೈವರ್ಡ್ (ಶಾಲೆಯವರು ಮಾರ್ಕ್ಸ್ ಹಾಕುವ ವೆಬ್‌ಸೈಟು) ತೆಗೆದು ನೋಡಿದೆ. ಬಯಾಲಜಿಯಲ್ಲಿ ಟೆಸ್ಟ್‌ಗಳ ಸರಾಸರಿ 94. ಪಕ್ಕದಲ್ಲೇ ಒಟ್ಟು ಗ್ರೇಡ್ 84. ತಲೆ ಕೆಟ್ಟುಹೋಯಿತು. ಕೆಳಗೆ ಹೋಗಿ ನೋಡಿದರೆ ಹತ್ತು ಹೋಮ್‌ವರ್ಕಿನಲ್ಲಿ ಏಳಕ್ಕೆ ನೂರಕ್ಕೆ ನೂರು, ಮೂರಕ್ಕೆ ಸೊನ್ನೆ. ಬರೆದಿದ್ದ, ಬ್ಯಾಗಿನಲ್ಲೇ ಇತ್ತು, ಕೊಟ್ಟಿರಲಿಲ್ಲ! ಟೆಸ್ಟಿಗೆ 60 ಭಾಗ, ದಿನದ ಕೆಲಸಕ್ಕೆ 40 ಭಾಗ. ಆ ಮೂರು ಸೊನ್ನೆ ಹನ್ನೆರಡು ಮಾರ್ಕ್ಸ್ ನುಂಗಿದವು. "ಫೈನಲ್ ಪರೀಕ್ಷೆಯಲ್ಲಿ ಎತ್ತಿಕೊಳ್ತೀನಿ ಬಿಡಮ್ಮ" ಅಂದ. ಎತ್ತಿಕೊಳ್ಳಲಿಕ್ಕೆ ಆಗಲಿಲ್ಲ. ಆ 'ಬಿ' ಇವತ್ತಿಗೂ ಅವನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹಾಗೇ ಕೂತಿದೆ. ಊರಿಂದ ಬಂದ ಮಕ್ಕಳು ಎಡವುವುದು ಇಲ್ಲೇ. ಗಣಿತ, ವಿಜ್ಞಾನದಲ್ಲಿ ಮುಂದೆ, ಆದರೆ ದಿನದಿನದ ಕೆಲಸ ಸಮಯಕ್ಕೆ ಕೊಡುವ ರೂಢಿ ಇಲ್ಲ.

ಜಿಪಿಎ, ಅಂದರೆ ಎಲ್ಲ ಗ್ರೇಡುಗಳ ಸರಾಸರಿ, ಎರಡು ಥರ. ಬರೀ ಗ್ರೇಡಿನದು 4.0ಕ್ಕೆ. ಎಪಿ, ಆನರ್ಸ್ ಅಂತ ಕಷ್ಟದ ಕ್ಲಾಸಿಗೆ ತೂಕ ಸೇರಿಸಿದ್ದು ಕೆಲವು ಶಾಲಾ ಡಿಸ್ಟ್ರಿಕ್ಟಿನಲ್ಲಿ 5ಕ್ಕೆ, ಕೆಲವುದರಲ್ಲಿ 6ಕ್ಕೆ. ಹಾಗಾಗಿ ಪಕ್ಕದ ಮನೆಯವರು "ನಮ್ಮವನದು 5.4" ಅಂದರೆ ಗಾಬರಿ ಆಗಬೇಡಿ, ಎಷ್ಟಕ್ಕೆ ಅಂತ ಕೇಳಿ. ಕಾಲೇಜಿನವರೂ ಎಷ್ಟೋ ಸಲ ತಮ್ಮದೇ ಲೆಕ್ಕದಲ್ಲಿ ಮತ್ತೆ ಕೂಡಿಸಿಕೊಳ್ಳುತ್ತಾರೆ.

ರ‍್ಯಾಂಕು ಬರುವುದು ಈ ತೂಕದ ಜಿಪಿಎಯಿಂದ. ದೇಶದ ಬೇರೆ ಕಡೆ ಎಷ್ಟೋ ಶಾಲೆಗಳು ರ‍್ಯಾಂಕು ಕೊಡುವುದನ್ನೇ ಬಿಟ್ಟಿವೆ. ಟೆಕ್ಸಾಸ್‌ನಲ್ಲಿ ಬಿಡುವ ಹಾಗಿಲ್ಲ, ಕಾರಣ 1997ರ ಕಾನೂನು. ಶಾಲೆಯ ಮೊದಲ ಶೇ. 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗೇ ಸೀಟು. ಆಸ್ಟಿನ್‌ನ ಯುಟಿಗೆ (ಟೆಕ್ಸಾಸ್ ವಿಶ್ವವಿದ್ಯಾಲಯ) ಮಾತ್ರ ನೂಕುನುಗ್ಗಲು ಜಾಸ್ತಿ, ಅಲ್ಲಿ ಶೇ. 6 ಇತ್ತು, 2026ರಲ್ಲಿ ಸೇರುವವರಿಂದ ಶೇ. 5 ಆಗಿದೆ. 700 ಮಕ್ಕಳ ಬ್ಯಾಚ್ ಅಂದರೆ 35 ಜನ. ನಮ್ಮ ಕಡೆಯ ಶಾಲೆಗಳಲ್ಲಿ ಮೂವತ್ತೈದನೆಯವಳಿಗೂ ನಲವತ್ತನೆಯವಳಿಗೂ ದಶಾಂಶದ ಆಚೆ ವ್ಯತ್ಯಾಸ.

ಇದರಲ್ಲೊಂದು ಹುಚ್ಚು ಇದೆ. ಆರ್ಕೆಸ್ಟ್ರಾ, ಚಿತ್ರಕಲೆಗೆಲ್ಲ ಹೆಚ್ಚಿನ ತೂಕ ಇಲ್ಲದ ಕಡೆ, ಅದರಲ್ಲಿ ನೂರು ಬಂದರೂ ಜಿಪಿಎ ಇಳಿಯುತ್ತದೆ. ನಮಗೆ ಪರಿಚಯದ ಒಂದು ಹುಡುಗಿ ಆರು ವರ್ಷ ನುಡಿಸಿದ ವಯಲಿನ್ ಬಿಟ್ಟು ಇನ್ನೊಂದು ಎಪಿ ತಗೊಂಡಳು, ನಾಲ್ಕು ರ‍್ಯಾಂಕ್ ಮೇಲೆ ಬರಲಿಕ್ಕೆ. ನನ್ನ ಕೇಳಿದರೆ ಶುದ್ಧ ಪೆದ್ದುತನ. ಯಾಕೆಂದರೆ ರ‍್ಯಾಂಕು ಕೊಡುವುದು ಬಹುಪಾಲು ಸೀಟು, ದುಡ್ಡು ಕಡಿಮೆ. ಅದೂ ಸೀಟು ಅಂದರೆ ವಿಶ್ವವಿದ್ಯಾಲಯಕ್ಕೆ. ಕಂಪ್ಯೂಟರ್ ಸೈನ್ಸೇ ಸಿಗುತ್ತದೆ ಅಂತಿಲ್ಲ. ರ‍್ಯಾಂಕಿಗೇ ಅಂತ ದುಡ್ಡು ಬರುವುದು ಇಡೀ ಶಾಲೆಗೇ ಮೊದಲನೆಯವರಾಗಿ ಬಂದವರಿಗೆ: ಸರ್ಕಾರಿ ಕಾಲೇಜು ಸೇರಿದರೆ ಮೊದಲ ವರ್ಷದ ಟ್ಯೂಷನ್ ಮಾಫಿ.

ಹಾಗಾದರೆ ದುಡ್ಡು ತರುವುದು ಯಾವುದು? ಬಹಳ ಕಡೆ ಜಿಪಿಎ ಮತ್ತು ಟೆಸ್ಟ್ ಸ್ಕೋರ್ ಎರಡೂ ಸೇರಿ. ಟೆಸ್ಟ್ ಅಂದರೆ ಕಾಲೇಜಿಗೆ ಅರ್ಜಿ ಹಾಕುವವರು ಬರೆಯುವ ಎಸ್‌ಎಟಿ ಅಥವಾ ಎಸಿಟಿ: ಎಸ್‌ಎಟಿ 1600ಕ್ಕೆ, ಎಸಿಟಿ 36ಕ್ಕೆ. ಅಲಬಾಮಾ ವಿಶ್ವವಿದ್ಯಾಲಯದಂಥವರು ಕೋಷ್ಟಕವನ್ನೇ ಹಾಕಿಬಿಡುತ್ತಾರೆ: ಇಷ್ಟು ಜಿಪಿಎ, ಇಷ್ಟು ಸ್ಕೋರ್ ಇದ್ದರೆ ಇಷ್ಟು ಡಾಲರ್. "ಸ್ಕೋರ್ ಕಳಿಸದಿದ್ದರೂ ಪರವಾಗಿಲ್ಲ" ಅನ್ನುವ ಕಾಲೇಜುಗಳಿವೆ. ಅದು ಅಡ್ಮಿಷನ್‌ಗೆ ಹೇಳುವ ಮಾತು. ಸ್ಕಾಲರ್‌ಶಿಪ್ಪಿಗೂ ಅದೇ ನಿಯಮವಾ ಅಂತ ಬೇರೆಯಾಗಿ ಓದಿ. ಇನ್ನು ಹಾರ್ವರ್ಡ್, ಯೇಲ್ ಥರದ ಐವಿ ಲೀಗಿನವರು, ಎಂಐಟಿಯವರು ಮೆರಿಟ್‌ಗೆ ಅಂತ ಒಂದು ಪೈಸೆ ಕೊಡುವುದಿಲ್ಲ. ಮನೆಯ ವರಮಾನ ನೋಡಿ ಕೊಡುತ್ತಾರೆ ಅಷ್ಟೇ. ನಮ್ಮಂಥ ಇಬ್ಬರು ದುಡಿಯುವ ಸಾಫ್ಟ್‌ವೇರ್ ಮನೆಗೆ ಅಲ್ಲಿ ಸಿಗುವುದು ಅಷ್ಟಕ್ಕಷ್ಟೇ.

ಒಂದು ತಾರೀಖು ಈಗಲೇ ಬರೆದಿಟ್ಟುಕೊಳ್ಳಿ. ಹನ್ನೊಂದನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಶಾಲೆಯಲ್ಲೇ ಪಿಎಸ್‌ಎಟಿ (ಎಸ್‌ಎಟಿಗೆ ಮೊದಲಿನ ಪರೀಕ್ಷೆ) ನಡೆಯುತ್ತದೆ. ನ್ಯಾಷನಲ್ ಮೆರಿಟ್ ಅನ್ನುವ ದೇಶಮಟ್ಟದ ಸ್ಕಾಲರ್‌ಶಿಪ್ಪಿಗೆ ಆ ಸಲದ ಸ್ಕೋರೇ ಲೆಕ್ಕ, ಹತ್ತರಲ್ಲಿ ಬರೆದದ್ದು ಅಭ್ಯಾಸಕ್ಕೆ. 228ಕ್ಕೆ ಒಂದು ಸೂಚ್ಯಂಕ ಮಾಡುತ್ತಾರೆ, ಇಂಗ್ಲಿಷಿಗೆ ಗಣಿತದ ಎರಡರಷ್ಟು ತೂಕ. ನಮ್ಮ ಮಕ್ಕಳು ಗಣಿತವನ್ನೇ ಉಜ್ಜುತ್ತಾ ಕೂರುತ್ತಾರೆ! ನೇರವಾಗಿ ಬರುವ ಬಹುಮಾನ 2,500 ಡಾಲರ್, ಅದೇನು ದೊಡ್ಡದಲ್ಲ. ಆದರೆ ಫೈನಲಿಸ್ಟ್ ಆದರೆ ಕೆಲವು ಕಾಲೇಜುಗಳು ಕೈ ಬಿಚ್ಚಿ ಕೊಡುತ್ತವೆ. ನಿಮ್ಮ ಮನೆ ಹತ್ತಿರದ ಯುಟಿ ಡಲ್ಲಾಸ್ ಅಂಥದ್ದು. ತಮಾಷೆ ಅಂದರೆ, ಅದೇ ಯುಟಿ ಕುಟುಂಬದ ಆಸ್ಟಿನ್ ಈ ಹಣ ನಿಲ್ಲಿಸುವುದಾಗಿ 2009ರಲ್ಲೇ ಹೇಳಿತು.

ನೀವು ಕೇಳದ್ದೊಂದು ಹೇಳ್ತೀನಿ, ವೀಸಾ. ಎಚ್‌4 ಮಕ್ಕಳಿಗೆ, ಅಂದರೆ ಎಚ್‌1ಬಿಯವರ ಅವಲಂಬಿತರ ವೀಸಾದಲ್ಲಿರುವ ನಿಮ್ಮ ಮಗಳಂಥವರಿಗೆ, ಕೇಂದ್ರ ಸರ್ಕಾರದ ಸಹಾಯಧನ ಇಲ್ಲ. ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್ಪಿಗೆ ಶಾಲೆಯಲ್ಲಿ 3.0 ಜಿಪಿಎ ಬೇಕು, ಅದರ ಜೊತೆ ಪೌರತ್ವ ಅಥವಾ ಗ್ರೀನ್ ಕಾರ್ಡಿನಂಥದ್ದು ಬೇಕು. ಅಟ್ಲಾಂಟಾದ ಸ್ನೇಹಿತರ ಮಾತು ಕೇಳಿ ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಮೊದಲು ಇದನ್ನು ನೋಡಿ. ಕಾಲೇಜು ತಾನೇ ಕೊಡುವ ಮೆರಿಟ್ ಹಣಕ್ಕೆ ಎಷ್ಟೋ ಕಡೆ ವೀಸಾ ಅಡ್ಡ ಬರುವುದಿಲ್ಲ. ಟೆಕ್ಸಾಸ್‌ನಲ್ಲಿ ಎಚ್‌4 ಮಕ್ಕಳೂ ಇನ್‌ಸ್ಟೇಟ್ ಫೀಸಿಗೆ (ಅದೇ ರಾಜ್ಯದವರಿಗೆ ಇರುವ ಕಡಿಮೆ ಫೀಸು) ಅರ್ಹರಾಗಬಹುದು. ನನ್ನ ಲೆಕ್ಕದಲ್ಲಿ ಅದೇ ನಿಮಗೆ ಸಿಗುವ ದೊಡ್ಡ ಸ್ಕಾಲರ್‌ಶಿಪ್.

ಯಾಕೆ ಹೀಗೆ ಹೇಳ್ತೀನಿ ಅಂದರೆ, ಮಗಳ ಸಲ ಒಂದು ಖಾಸಗಿ ಕಾಲೇಜಿನಿಂದ ದಪ್ಪ ಕವರ್ ಬಂತು. ಒಡೆದರೆ ಬಣ್ಣದ ಕಾಗದದ ಚೂರುಗಳು ಊಟದ ಮೇಜಿನ ಮೇಲೆಲ್ಲ ಚೆಲ್ಲಿದವು. ವರ್ಷಕ್ಕೆ 28,000 ಡಾಲರ್ ಮೆರಿಟ್! ಅವಳು ಕುಣಿದಾಡಿದಳು, ನಾನು ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿಬಿಟ್ಟೆ. ಯಜಮಾನರು ಮಾತ್ರ ಕರೆಂಟ್ ಬಿಲ್ಲಿನ ಹಿಂದೆ ಪೆನ್ನು ಹಿಡಿದು ಕೂತರು. ಆ ಕಾಲೇಜಿನ ಒಟ್ಟು ಖರ್ಚು 82,000. ಕಳೆದರೆ 54,000. ಯಾವ ಸ್ಕಾಲರ್‌ಶಿಪ್ಪೂ ಕೊಡದ ಸರ್ಕಾರಿ ಕಾಲೇಜು, ಊಟ ಹಾಸ್ಟೆಲ್ ಸೇರಿ, 31,000. ನಾಲ್ಕು ವರ್ಷಕ್ಕೆ 92,000 ಡಾಲರ್ ವ್ಯತ್ಯಾಸ. ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಪ್ರತಿ ವರ್ಷ 3.5 ಜಿಪಿಎ ಉಳಿಸಿಕೊಂಡರೆ ಮಾತ್ರ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ 3.5 ಹುಡುಗಾಟವಲ್ಲ. ಮಗಳು ಸರ್ಕಾರಿ ಕಾಲೇಜಿಗೇ ಹೋದಳು. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಈ ವಾರ ಮಾಡಬೇಕಾದ ಕೆಲಸ ಒಂದೇ. ಶಾಲೆಯ ಕೌನ್ಸೆಲರ್‌ಗೆ ಇಮೇಲ್ ಬರೆದು ಕೇಳಿ: ಬೆಂಗಳೂರಿನ ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಜಿಪಿಎಗೆ ಸೇರುತ್ತದಾ, ಇಲ್ಲಾ ಬರೀ ಪಾಸ್ ಅಂತ ಹಾಕಿದ್ದಾರಾ? ರ‍್ಯಾಂಕಿಗೆ ಲೆಕ್ಕವಾ? ಕನ್ನಡಕ್ಕೆ ವಿದೇಶಿ ಭಾಷೆಯ ಕ್ರೆಡಿಟ್ ಕೊಡುತ್ತೀರಾ ಅಂತಲೂ ಕೇಳಿ, ಕೆಲವು ಡಿಸ್ಟ್ರಿಕ್ಟಿನಲ್ಲಿ ಕೊಡುತ್ತಾರೆ. ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಬರೆದು ಉತ್ತರ ಪಡೆಯಿರಿ. ಮಾರ್ಕ್ಸ್ ಕಾರ್ಡ್ ಇನ್ನೊಂದು ಪ್ರತಿ ಬೇಕು ಅಂದರೆ ಅಲ್ಲಿನ ಶಾಲೆಯ ಸೀಲು, ಹೆಡ್‌ಮಿಸ್ ಸಹಿ ಇರುವುದೇ ತರಿಸಿ. ಏಪ್ರಿಲ್ ಬಂದರೆ ಬೆಂಗಳೂರಿನಲ್ಲಿ ಬೇಸಿಗೆ ರಜೆ, ಆಮೇಲೆ ಆಫೀಸಿನಲ್ಲಿ ಫೋನ್ ಎತ್ತುವವರು ಸಿಗುವುದು ಕಷ್ಟ.