ಬಿ ಫ್ಲಾಟ್ ಟ್ಯೂಬಾ ಇರುವವರು ಎರಡನೆಯದಾಗಿ ಯಾವುದನ್ನು ಕೊಳ್ಳಬೇಕು?

ಶಿವಮೊಗ್ಗದ ಚರ್ಚ್ ಬ್ಯಾಂಡಿನಲ್ಲಿ ಬಿ ಫ್ಲಾಟ್ ಟ್ಯೂಬಾ (ಊದಿ ನುಡಿಸುವ, ತಗ್ಗು ಸ್ವರದ ದೊಡ್ಡ ಹಿತ್ತಾಳೆ ವಾದ್ಯ) ನುಡಿಸುತ್ತಿರುವ ತಾವು, ಬೆಂಗಳೂರಿನ ಆರ್ಕೆಸ್ಟ್ರಾವೊಂದನ್ನೂ ಐವರ ಬ್ರಾಸ್ (ಹಿತ್ತಾಳೆ ವಾದ್ಯಗಳ) ಮೇಳವೊಂದನ್ನೂ ಸೇರಲಿರುವುದರಿಂದ ಸಿ ಟ್ಯೂಬಾ ಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ಅಗತ್ಯವಿಲ್ಲ, ಕೊಳ್ಳುವುದಾದರೆ ಇ ಫ್ಲಾಟ್ ಕೊಳ್ಳಿ ಎನ್ನುತ್ತೇನೆ. ಹಲವು ವರ್ಷ ಸೇನಾ ಬ್ಯಾಂಡಿನಲ್ಲಿ ಟ್ಯೂಬಾ ನುಡಿಸಿ ಈಗ ತೀರ್ಥಹಳ್ಳಿಯಲ್ಲಿ ನೆಲೆಸಿರುವವನ ಅನುಭವದ ಮಾತಿದು.

ಭಾಗವತರ ಶ್ರುತಿಗೆ ತಕ್ಕ ಮದ್ದಳೆಯನ್ನು ಆರಿಸಿಕೊಳ್ಳುವುದನ್ನು ಕಂಡು ಬೆಳೆದ ನಮ್ಮ ಕಡೆಯವರು, ಮೇಳದ ಶ್ರುತಿ ಬದಲಾದರೆ ಟ್ಯೂಬಾವನ್ನೂ ಬದಲಿಸಬೇಕೆಂದು ಭಾವಿಸುವುದುಂಟು. ಹಾಗೇನಿಲ್ಲ. ಹಾರ್ಮೋನಿಯಂ ಲೆಕ್ಕದಲ್ಲಿ ಬಿ ಫ್ಲಾಟ್ ಎಂದರೆ ಕಪ್ಪು 5, ಇ ಫ್ಲಾಟ್ ಎಂದರೆ ಕಪ್ಪು 2, ಸಿ ಮತ್ತು ಎಫ್ ಕ್ರಮವಾಗಿ ಬಿಳಿ 1 ಮತ್ತು ಬಿಳಿ 4. ಇವು ವಾಲ್ವ್ (ಒತ್ತಿದರೆ ಕೊಳವೆಯ ಉದ್ದವನ್ನು ಹೆಚ್ಚಿಸುವ ಗುಂಡಿ) ಒತ್ತದಿರುವಾಗ ಕೊಳವೆಗೆ ಸಹಜವಾದ ಸ್ವರಗಳು ಮಾತ್ರ. ವಾಲ್ವ್ ಒತ್ತಿದರೆ ಹನ್ನೆರಡು ಸ್ವರಸ್ಥಾನಗಳೂ ಎಲ್ಲದರಲ್ಲೂ ದೊರೆಯುತ್ತವೆ. ವ್ಯತ್ಯಾಸವಿರುವುದು ಕೊಳವೆಯ ಉದ್ದದಲ್ಲಿ: ಬಿ ಫ್ಲಾಟ್‌ಗೆ ಸುಮಾರು 18 ಅಡಿ, ಸಿಗೆ 16, ಇ ಫ್ಲಾಟ್‌ಗೆ 13, ಎಫ್‌ಗೆ 12. ಉದ್ದ ಹೆಚ್ಚಿದಷ್ಟೂ ತಳ ತುಂಬಿದ ನಾದ; ಕಡಿಮೆಯಾದಷ್ಟೂ ಮೇಲಿನ ಸ್ವರಗಳು ಗುರಿ ತಪ್ಪದೆ, ಚುರುಕಾಗಿ ಬರುತ್ತವೆ.

ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಸಿ ಟ್ಯೂಬಾ ರೂಢಿಯಲ್ಲಿದೆ. ತಂತಿವಾದ್ಯಗಳಿಗೆ ಒಗ್ಗುವ, ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ; ಫ್ಲಾಟ್ ಇಳಿಸುತ್ತದೆ) ಚಿಹ್ನೆಗಳಿರುವ ಶ್ರುತಿಗಳಲ್ಲಿ ಅದು ಬೆರಳಿಗೆ ಸುಲಭವೆಂಬುದು ಅದರ ಪರವಾದ ವಾದ, ಮತ್ತು ಅದರಲ್ಲಿ ಹುರುಳಿದೆ: ಬಿ ಫ್ಲಾಟ್‌ನಲ್ಲಿ ಮೂರು ವಾಲ್ವುಗಳನ್ನೂ ಒಟ್ಟಿಗೆ ಒತ್ತಬೇಕಾದ, ಆಗಲೂ ಶ್ರುತಿ ಮೇಲಕ್ಕೆ ಜಾರುವ ಕೆಳಗಿನ ಬಿ ಸ್ವರವು ಸಿ ಟ್ಯೂಬಾದಲ್ಲಿ ಎರಡನೆಯ ವಾಲ್ವ್ ಒಂದರಿಂದಲೇ ಬರುತ್ತದೆ. ಆದರೆ ಜರ್ಮನಿಯ ಆರ್ಕೆಸ್ಟ್ರಾಗಳು ಎಫ್ ಮತ್ತು ಬಿ ಫ್ಲಾಟ್‌ಗಳಲ್ಲೇ ತೃಪ್ತವಾಗಿವೆ. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜಾನ್ ಫ್ಲೆಚರ್ ಅವರಂತಹ ಹಿರಿಯ ವಾದಕರು ಇ ಫ್ಲಾಟ್‌ಗೆ ಅಲ್ಲಿ ಗೌರವದ ಸ್ಥಾನ ತಂದುಕೊಟ್ಟರು. ಬಿ ಫ್ಲಾಟ್‌ಗೂ ಸಿಗೂ ನಡುವಿನ ಅಂತರ ಎರಡೇ ಅಡಿಯಾದ್ದರಿಂದ, ಅಷ್ಟು ಹಣ ತೆತ್ತು ಹೆಚ್ಚುಕಡಿಮೆ ಇರುವುದನ್ನೇ ಮತ್ತೊಮ್ಮೆ ಕೊಂಡಂತಾಗುತ್ತದೆ.

ಐವರ ಮೇಳದಲ್ಲಿ ದೊಡ್ಡ ಬಿ ಫ್ಲಾಟ್ ಟ್ರಂಪೆಟ್ಟುಗಳನ್ನು ಮುಳುಗಿಸಿಬಿಡುತ್ತದೆ. ಅಲ್ಲಿ ಇ ಫ್ಲಾಟ್ ಹಿತವಾಗಿರುತ್ತದೆ. ತಾವು ಬ್ರಿಟಿಷ್ ಬ್ರಾಸ್ ಬ್ಯಾಂಡ್ ಪದ್ಧತಿಯಂತೆ ಟ್ರೆಬಲ್ ಕ್ಲೆಫ್‌ನಲ್ಲಿ (ಸ್ವರಲಿಪಿಯಲ್ಲಿ ಮೇಲಿನ ಸ್ವರಗಳಿಗಿರುವ ಗುರುತು) ಓದಲು ಕಲಿತವರಾದರೆ ಬೆರಳುಗಳ ಅಭ್ಯಾಸವೂ ಬದಲಾಗದು. ಆರ್ಕೆಸ್ಟ್ರಾದ ಬೇಸ್ ಕ್ಲೆಫ್ (ತಗ್ಗು ಸ್ವರಗಳ ಗುರುತು) ಹಾಳೆ ಬಂದಾಗ ಅದನ್ನು ಟ್ರೆಬಲ್ ಎಂದೇ ಭಾವಿಸಿ, ಶ್ರುತಿಚಿಹ್ನೆಗಳಲ್ಲಿ ಮೂರು ಫ್ಲಾಟ್ ಕಳೆದು ಅಥವಾ ಮೂರು ಶಾರ್ಪ್ ಕೂಡಿಸಿ ಓದಿದರೆ ಸಾಕು. ನಡುವೆ ಬರುವ ಬಿಡಿ ಶಾರ್ಪ್, ಫ್ಲಾಟ್ ಚಿಹ್ನೆಗಳ ಮೇಲೆ ಮಾತ್ರ ಕಣ್ಣಿರಲಿ.

ಕೊಳ್ಳುವಾಗ ಮೂರು ವಾಲ್ವಿನ ಅಗ್ಗದ ವಾದ್ಯ ಬೇಡ. ಆರ್ಕೆಸ್ಟ್ರಾದ ತಗ್ಗು ಸ್ವರಗಳು ಇ ಫ್ಲಾಟ್‌ನಲ್ಲಿ ಶ್ರುತಿಶುದ್ಧವಾಗಿ ಬರಬೇಕಾದರೆ ನಾಲ್ಕು ವಾಲ್ವಿನ ಕಾಂಪನ್ಸೇಟಿಂಗ್ (ವಾಲ್ವುಗಳನ್ನು ಒಟ್ಟಿಗೆ ಒತ್ತಿದಾಗ ಶ್ರುತಿ ಜಾರುವುದನ್ನು ತಾನೇ ಸರಿದೂಗಿಸುವ) ಮಾದರಿಯೇ ಬೇಕು.